ತಳವಾರನಿಂದ ಮೀಸಲು ತುಕಡಿಯವರೆಗೆ: ಹಳೆಯ ಬಳ್ಳಾರಿ ಜಿಲ್ಲೆಯ ಪಡುವಣ ತಾಲ್ಲೂಕುಗಳ ಪೊಲೀಸ್ ಬಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಪೊಲೀಸ್ ಚರಿತ್ರೆಯನ್ನು ಕೆದಕಿದಷ್ಟೂ ಒಂದೇ ಸಂಗತಿ ಎದ್ದು ಕಾಣುತ್ತದೆ. ಗಲಭೆಯನ್ನೋ ಜನಸಾಗರವನ್ನೋ ನಿಭಾಯಿಸುವ ಬಲ 1859ರಿಂದೀಚೆಗೆ ಇಲ್ಲಿನ ಠಾಣೆಗಳಲ್ಲಿ ನೆಲೆಯೂರಲಿಲ್ಲ. ಹೊತ್ತು ಬಂದಾಗಲೆಲ್ಲ ಹೊರಗಿನಿಂದ ಬರಬೇಕಾಯಿತು.

ಅದಕ್ಕೆ ಮುಂಚೆ ಹಾಗಿರಲಿಲ್ಲ. ಹರಪನಹಳ್ಳಿಯ ಪಾಳೆಯಗಾರರಿಗೆ ತಮ್ಮದೇ ಪಡೆಯಿತ್ತು, ಊರೂರಿಗೆ ತಳವಾರನಿದ್ದ. ಕಳ್ಳನ ಹೆಜ್ಜೆಯ ಜಾಡು ಹಿಡಿದು ಪಕ್ಕದೂರಿನ ಎಲ್ಲೆಯವರೆಗೆ ಹೋಗಿ, ಅಲ್ಲಿಯ ತಳವಾರನಿಗೆ ಅದನ್ನು ಒಪ್ಪಿಸುವುದು ಅವನ ಕೆಲಸ. ಜಾಡು ತನ್ನೂರಲ್ಲೇ ತಪ್ಪಿದರೆ ಕಳೆದ ಮಾಲಿಗೆ ಕಾವಲಿನವರೇ ಹೊಣೆ. 1800ರಲ್ಲಿ ನಿಜಾಮನಿಂದ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಕಲೆಕ್ಟರ್ ಥಾಮಸ್ ಮನ್ರೋ ಪಾಳೆಯಗಾರರ ಬಲ ಮುರಿದ, ಗ್ರಾಮದ ಕಾವಲನ್ನು ಮಾತ್ರ ಉಳಿಸಿಕೊಂಡ. ಅವನ ಒತ್ತಾಸೆಯಿಂದ ಬಂದ 1816ರ ಕಾನೂನು ಪೊಲೀಸ್ ಅಧಿಕಾರವನ್ನು ಕಲೆಕ್ಟರ್, ತಹಶೀಲ್ದಾರ ಮತ್ತು ಊರಗೌಡರ ಕೈಗಿತ್ತಿತು. ಕಂದಾಯ ವಸೂಲಿ ಮಾಡುವವನೇ ಪೊಲೀಸನೂ ಆದ. ಅದರ ಫಲವಾಗಿ ರೈತ ಉಂಡ ಚಿತ್ರಹಿಂಸೆಯನ್ನು ಮದರಾಸಿನ ವಿಚಾರಣಾ ಆಯೋಗ 1855ರಲ್ಲಿ ಬಯಲಿಗಿಟ್ಟಿತು.

1859ರ ಮದರಾಸು ಪೊಲೀಸ್ ಕಾಯ್ದೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಕಂದಾಯದಿಂದ ಪೊಲೀಸನ್ನು ಬೇರ್ಪಡಿಸಿದ್ದು ನ್ಯಾಯವೇ. ಆದರೆ ಸಶಸ್ತ್ರ ಮೀಸಲು ಪಡೆ ಜಿಲ್ಲಾ ಕೇಂದ್ರದಲ್ಲಿ ಕೂತಿತು. ಬಳ್ಳಾರಿಗೂ ಹಡಗಲಿಗೂ ನಡುವಿನ ದಾರಿ ನೆನೆದರೆ ಇದರರ್ಥ ತಿಳಿಯುತ್ತದೆ: 1905ರಲ್ಲಿ ಹೊಸಪೇಟೆ–ಕೊಟ್ಟೂರು ರೈಲು ಬಂದ ಮೇಲೂ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಪೇಟೆಗಳು ಹಳಿಯಿಂದ ದೂರವೇ ಉಳಿದವು. 1953ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯೊಂದಿಗೆ ವಂಶಪಾರಂಪರ್ಯದ ತಳವಾರಿಕೆಯೂ ಹೋಯಿತು. ಹುಟ್ಟಿನಿಂದ ಕಟ್ಟಿಹಾಕುವ ಆ ಚಾಕರಿ ಹೋಗಲೇಬೇಕಿತ್ತು. ಆದರೆ ಊರಿನ ಒಳಸುದ್ದಿ ಬಲ್ಲ ಆ ಕಣ್ಣಿನ ಜಾಗಕ್ಕೆ ಹತ್ತಾರು ಹಳ್ಳಿಗಳ ಹೊಣೆ ಹೊತ್ತ ಬೀಟ್ ಪೇದೆ ಬಂದ.

ಇಲ್ಲಿನ ಪೊಲೀಸರ ನಿಜವಾದ ಪರೀಕ್ಷೆ ಮಾಘ ಮಾಸದಲ್ಲಿ. ಭಾರತ ಹುಣ್ಣಿಮೆಯ ಬೆನ್ನಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ, ಬಹುಳದಲ್ಲಿ ಕೊಟ್ಟೂರೇಶ್ವರನ ತೇರು, ಶಿವರಾತ್ರಿಯ ಹೊತ್ತಿಗೆ ಕುರುವತ್ತಿ ಜಾತ್ರೆ. ಮೈಲಾರದ ಡೆಂಕಣಮರಡಿಯಲ್ಲಿ ಕಾರಣಿಕ ನುಡಿಯುವ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅಪಾಯವಿರುವುದು ಆ ಮೌನದಲ್ಲಲ್ಲ. ನುಡಿ ಮುಗಿದ ಮರುಗಳಿಗೆಯಲ್ಲಿ ಇಡೀ ಮರಡಿ ಒಮ್ಮೆಲೇ ಕದಲುತ್ತದೆ. ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು ಎಲ್ಲವೂ ಅದೇ ಕಿರಿದಾದ ದಾರಿಗೆ ನುಗ್ಗುತ್ತವೆ. ಲಾಠಿಗಿಂತ ಅಲ್ಲಿ ಬೇಕಾದದ್ದು ಬ್ಯಾರಿಕೇಡು, ಧ್ವನಿವರ್ಧಕ, ವಾಕಿಟಾಕಿ, ಆಂಬುಲೆನ್ಸಿಗೆ ತೆರವಾದ ಹಾದಿ. 2017ರ ಫೆಬ್ರುವರಿ 21ರಂದು ಕೊಟ್ಟೂರಿನ ತೇರು ಅಚ್ಚು ಮುರಿದು ಉರುಳಿ ಹಲವರು ಗಾಯಗೊಂಡಾಗ ಇದು ಇನ್ನಷ್ಟು ನಿಚ್ಚಳವಾಯಿತು.

ಬಂದೋಬಸ್ತಿಗೆ ಜಿಲ್ಲಾ ಸಶಸ್ತ್ರ ಮೀಸಲು ತುಕಡಿ ಬರುತ್ತದೆ, ಗೃಹರಕ್ಷಕರು ಬರುತ್ತಾರೆ, ಜೊತೆಗೆ ನೆರೆಯ ಠಾಣೆಗಳ ಪೇದೆಗಳೂ. ಅಷ್ಟು ದಿನ ಆ ಠಾಣೆಗಳು ಬರಿದು. ದಣಿದು ಮರಳಿದ ಪೇದೆಗೆ ಸಮನ್ಸ್ ಜಾರಿ, ಕೈದಿಗಳ ಬೆಂಗಾವಲು, ರಾತ್ರಿ ಗಸ್ತು ಕಾದಿರುತ್ತವೆ. ಈ ದಣಿವು ರಾಜ್ಯದುದ್ದಕ್ಕೂ ಸಿಟ್ಟಾಗಿ ಮಾತಾಡಿದ್ದು 2016ರಲ್ಲಿ: ವೇತನ, ರಜೆಗಾಗಿ ಪೊಲೀಸರು ಸಾಮೂಹಿಕ ರಜೆಗೆ ಗೊತ್ತುಮಾಡಿದ್ದ ಜೂನ್ 4ರಂದೇ ಕೂಡ್ಲಿಗಿ ಉಪವಿಭಾಗದ ಡಿವೈಎಸ್ಪಿ ಅನುಪಮಾ ಶೆಣೈ ರಾಜೀನಾಮೆಯಿತ್ತರು. ಅವರ ಕಾರಣಗಳು ಬೇರೆ, ಆದರೆ ನಾಡಿನ ಗಮನ ಈ ಪುಟ್ಟ ಪಟ್ಟಣದತ್ತ ಹೊರಳಿತು. ಬಳಿಕ ಸರ್ಕಾರ ನೇಮಿಸಿದ ಔರಾದ್ಕರ್ ಸಮಿತಿ ಪೊಲೀಸರ ವೇತನದ ಮಾತೆತ್ತಿತು. ಠಾಣೆಯ ಸಂಖ್ಯಾಬಲದ ಪ್ರಶ್ನೆ ವೇತನದಿಂದ ಬಗೆಹರಿಯುವಂಥದ್ದಲ್ಲ.

ಗಡಿಯ ಗೊಂದಲವೂ ಸೇರಿಕೊಂಡಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರ ತೀರ್ಮಾನದಂತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಾಲು ಶತಮಾನದೊಳಗೆ ಮೂವರು ಎಸ್ಪಿಗಳ ಕಚೇರಿಗೆ ಈ ತಾಲ್ಲೂಕಿನ ಕಡತಗಳು ಅಲೆದವು. ಈಗ ಅದರ ಜಿಲ್ಲಾ ಕೇಂದ್ರ ಹೊಸಪೇಟೆ. ರಸ್ತೆಯಲ್ಲಿ ಹತ್ತಿರವಿರುವುದು ದಾವಣಗೆರೆ. ಹರಪನಹಳ್ಳಿಯಲ್ಲಿ ಕಲ್ಲು ತೂರಾಟ ಶುರುವಾದರೆ ಯಾವ ದಿಕ್ಕಿನಿಂದ ಮೊದಲ ವ್ಯಾನು ಹೊರಡಬೇಕೆಂಬುದು ಎರಡೂ ಜಿಲ್ಲೆಗಳ ನಡುವೆ ಮುಂಚಿತವಾಗಿ, ಬರವಣಿಗೆಯಲ್ಲಿ ಇತ್ಯರ್ಥವಾಗಿರಬೇಕು. ಮಂಜೂರು ಹುದ್ದೆಗಳನ್ನು ಲೆಕ್ಕ ಹಾಕುವಾಗ ಜನಸಂಖ್ಯೆ, ಅಪರಾಧ ಪ್ರಕರಣಗಳ ಜೊತೆಗೆ ಮೈಲಾರ, ಕೊಟ್ಟೂರು, ಕುರುವತ್ತಿಗಳ ಆ ಮಾಘದ ದಿನಗಳನ್ನೂ ಹಿಡಿಯಬೇಕು.