ಗದಾಯುದ್ಧದ ಎದುರಾಳಿಗಳು: ಭೀಮ, ದುರ್ಯೋಧನ ಪಾತ್ರಗಳ ಜನಪ್ರಿಯತೆ

ಐ.ಡಿ.ಹಳ್ಳಿ ಎಂದು ಕರೆಯುವ ಇಟಕದಿಬ್ಬನಹಳ್ಳಿಯೂ ಸೇರಿ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳು ಪೌರಾಣಿಕ ನಾಟಕದ ಗೀಳು ಹಚ್ಚಿಕೊಂಡವು. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಆಸುಪಾಸಿನಲ್ಲಿ, ರಾತ್ರಿಯಿಂದ ಬೆಳಗಿನವರೆಗೆ ಆಡುವ ಈ ನಾಟಕಗಳಲ್ಲಿ ‘ಕುರುಕ್ಷೇತ್ರ’ಕ್ಕೆ ಮೊದಲ ಮಣೆ. ಅದರ ಕೊನೆಯ ಕಾಳಗದಲ್ಲಿ ಗೆಲ್ಲುವವನು ಭೀಮ. ಪಾತ್ರ ಹಂಚುವಾಗ ಪೈಪೋಟಿ ಬೀಳುವುದು ದುರ್ಯೋಧನನಿಗೆ.

ದುರ್ಯೋಧನನ ಮೇಲಿನ ಒಲವು ಹಳಗನ್ನಡ ಕಾವ್ಯದಲ್ಲೇ ಇದೆ. ಪಂಪನ ‘ವಿಕ್ರಮಾರ್ಜುನ ವಿಜಯ’ಕ್ಕೆ (941) ಅರ್ಜುನ ನಾಯಕ, ಅವನಲ್ಲಿ ಕವಿ ಕಂಡದ್ದು ತನ್ನ ಆಶ್ರಯದಾತ ಅರಿಕೇಸರಿಯನ್ನು. ಹಾಗಿದ್ದೂ ಭಾರತದ ವೀರರನ್ನು ನೆನೆಯುವಾಗ ಪಂಪ ಛಲಕ್ಕೆ ದುರ್ಯೋಧನನನ್ನೂ ಸತ್ಯಕ್ಕೆ ಕರ್ಣನನ್ನೂ ಹೆಸರಿಸಿದ. ರನ್ನ ಇನ್ನೂ ಮುಂದೆ ಹೋದ. ‘ಗದಾಯುದ್ಧ’ ಎಂದೂ ಕರೆಯುವ ಅವನ ‘ಸಾಹಸಭೀಮ ವಿಜಯ’ದಲ್ಲಿ ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗನೇ ಭೀಮ. ಆದರೆ ಓದುಗರ ಮನಸ್ಸು ಕರಗುವುದು ಹೆಣಗಳ ನಡುವೆ ಸಂಜಯನ ಜೊತೆ ನಡೆಯುತ್ತ, ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ ಇವರನ್ನು ಒಬ್ಬೊಬ್ಬರನ್ನೇ ಕಂಡು ಅಳುವ ದುರ್ಯೋಧನನಿಗೆ. ರಾಜನಿಗಾಗಿ ಬರೆದ ಕಾವ್ಯದಲ್ಲಿ ರಾಜನ ಎದುರಾಳಿಯನ್ನು ಇಷ್ಟು ಎತ್ತರಕ್ಕೆ ಏರಿಸಿದ್ದು ಕನ್ನಡದ ದೊಡ್ಡ ಸಾಹಸಗಳಲ್ಲೊಂದು. ಸಂಸ್ಕೃತದಲ್ಲಿ ಭಾಸನ ‘ಊರುಭಂಗ’ ಈ ದಾರಿಯನ್ನು ಮೊದಲೇ ತೆರೆದಿತ್ತು. ಬಿ.ಎಂ.ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರಂಗಕ್ಕೆ ತಂದರು.

ಹಳ್ಳಿಯ ರಂಗಕ್ಕೆ ಈ ಕಥೆ ಬಂದ ದಾರಿ ಬೇರೆ. ತುಮಕೂರು ಸೀಮೆಯಲ್ಲಿ ಮೊದಲಿನಿಂದಲೂ ಮೂಡಲಪಾಯ ಯಕ್ಷಗಾನವಿತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದು, 1930ರ ದಶಕದಲ್ಲಿ ಆನೆ, ಕುದುರೆ, ರಥಗಳನ್ನು ಬಯಲಿಗಿಳಿಸಿ ‘ಕುರುಕ್ಷೇತ್ರ’ ಆಡಿತು. ಕಂಪನಿಯ ಆಟ ನೋಡಿದ ಹಳ್ಳಿಗಳು ತಾವೇ ಬಣ್ಣ ಹಚ್ಚಿದವು. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿಯುವುದು, ಪಾತ್ರಕ್ಕೆ ಇಂತಿಷ್ಟೆಂದು ದುಡ್ಡು ಕಟ್ಟುವುದು, ಡ್ರಾಮಾ ಸೀನರಿಯನ್ನು ಬಾಡಿಗೆಗೆ ತರುವುದು ರೂಢಿಯಾಯಿತು.

ಜನಪ್ರಿಯತೆಯ ಲೆಕ್ಕ ಸಿಗುವುದು ಇಲ್ಲೇ. ಹೆಚ್ಚು ದುಡ್ಡು ಕಟ್ಟುವ ಪಾತ್ರಗಳು ದುರ್ಯೋಧನ, ಕೃಷ್ಣ, ಕರ್ಣ, ಭೀಮ. ನಾಟಕದ ಕರಪತ್ರ ನೋಡಿದರೆ ‘1ನೇ ದುರ್ಯೋಧನ’, ‘2ನೇ ದುರ್ಯೋಧನ’ ಎಂದು ಒಂದೇ ಪಾತ್ರದ ಎದುರು ಬೇರೆಬೇರೆ ಹೆಸರುಗಳಿರುತ್ತವೆ. ಒಂದೇ ರಾತ್ರಿ ಆ ಕಿರೀಟ ಒಂದು ತಲೆಯಿಂದ ಇನ್ನೊಂದು ತಲೆಗೆ ದಾಟುತ್ತದೆ. ಮತ್ತೊಂದು ಅಳತೆ ಸಭೆಯದು: ಪದ್ಯ ಮುಗಿದ ಕೂಡಲೇ ಏಳುವ ‘ಒನ್ಸ್ ಮೋರ್’, ನೆಂಟರಿಷ್ಟರು ವೇದಿಕೆ ಹತ್ತಿ ಹಾಕುವ ನೋಟಿನ ಹಾರ.

ದುರ್ಯೋಧನನಿಗೆ ಒಲವು ಹರಿಯಲು ಕಾರಣ ಪಾತ್ರದ ಕಟ್ಟಿನಲ್ಲಿದೆ. ಮೀಸೆ ತಿರುವಿ ಗದೆ ಹೆಗಲಿಗಿಟ್ಟು ಬರುವ ಅವನಿಗೆ ದರ್ಬಾರು, ಸಂಧಾನ, ಕರ್ಣನ ಸ್ನೇಹ, ಕೊನೆಯ ಅಳಲು ಎಲ್ಲವೂ ಇವೆ. ಕಂದ, ವೃತ್ತಗಳನ್ನು ರಾಗವೆಳೆದು ಹಾಡಬಲ್ಲವನಿಗೆ ಇಷ್ಟು ಎಡೆ ಬೇರೆಲ್ಲೂ ಸಿಗದು. ಭೀಮನ ಬಲವಿರುವುದು ಆರ್ಭಟದಲ್ಲಿ. ಅವನು ಬಂದಾಗ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂರುತ್ತವೆ, ನಿಜ; ಹಾಡಿನ ಪಾಲು ಮಾತ್ರ ಕಡಿಮೆ.

   

ಸಿನಿಮಾ ದುರ್ಯೋಧನನ ಮೇಲಿನ ಈ ಒಲವನ್ನು ಇನ್ನಷ್ಟು ಗಟ್ಟಿ ಮಾಡಿತು. ಪಾವಗಡದ ಸುತ್ತ ಆಂಧ್ರದ ನೆಲವಿರುವುದರಿಂದ ಅಲ್ಲಿ ತೆಲುಗು ಮನೆಮಾತಿನಷ್ಟೇ ಹತ್ತಿರ. ತೆಲುಗಿನಲ್ಲಿ 1977ರ ಜನವರಿ 14ರಂದು ಎರಡು ಭಾರತಗಳು ಒಟ್ಟಿಗೆ ತೆರೆಕಂಡವು: ‘ದಾನವೀರ ಶೂರ ಕರ್ಣ’ ಮತ್ತು ‘ಕುರುಕ್ಷೇತ್ರಂ’. ಮೊದಲನೆಯದರಲ್ಲಿ ಎನ್.ಟಿ.ರಾಮರಾವ್ ಅವರೇ ಕೃಷ್ಣ, ಕರ್ಣ, ದುರ್ಯೋಧನ.  2019ರ ಆಗಸ್ಟ್‌ನಲ್ಲಿ ಬಂದ ನಾಗಣ್ಣ ನಿರ್ದೇಶನದ ‘ಕುರುಕ್ಷೇತ್ರ’ ರನ್ನನ ಗದಾಯುದ್ಧವನ್ನೇ ಆಧರಿಸಿತ್ತು. ಅದರಲ್ಲಿ ನಾಯಕನಟ ದರ್ಶನ್ ದುರ್ಯೋಧನನಾದರೆ, ಭೀಮನ ಪಾತ್ರಕ್ಕೆ ಹಿಂದಿ ಕಿರುತೆರೆಯ ಹನುಮಂತನಾಗಿ ಹೆಸರಾಗಿದ್ದ ಡ್ಯಾನಿಶ್ ಅಖ್ತರ್ ಬಂದರು.