ಇಂದ್ರಿಯ ಸಂವೇದನೆಯ ವಿಶೇಷ ಅಗತ್ಯಗಳು ಮತ್ತು ಶಾಲಾ ಶಿಕ್ಷಣ

ಶಬ್ದ, ಬೆಳಕು, ಸ್ಪರ್ಶ, ವಾಸನೆ, ರುಚಿ, ಚಲನೆ ಮುಂತಾದವುಗಳಿಗೆ ಮಗುವು ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಪ್ರತಿಕ್ರಿಯಿಸುವುದರಿಂದ ಕಲಿಕೆಯಲ್ಲಿಯೂ ದಿನಚರಿಯಲ್ಲಿಯೂ ಬೇಕಾಗುವ ನೆರವನ್ನು ಇಂದ್ರಿಯ ಸಂವೇದನೆಯ ವಿಶೇಷ ಅಗತ್ಯವೆನ್ನುತ್ತಾರೆ. ಸ್ವಲೀನತೆ ಅಥವಾ ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಇತರ ಮಕ್ಕಳಲ್ಲಿಯೂ ಇರಬಹುದು.

ಲಕ್ಷಣಗಳು

ಅತಿಸಂವೇದನೆಯುಳ್ಳ ಮಗು ಶಾಲೆಯ ಗಂಟೆ, ಚೆಂಡೆ ಅಥವಾ ಪಟಾಕಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳಬಹುದು. ಒರಟು ಸಮವಸ್ತ್ರವನ್ನು, ಮಳೆಯಲ್ಲಿ ಒದ್ದೆಯಾದ ಉಡುಪನ್ನು ಸಹಿಸದಿರಬಹುದು. ಅಲ್ಪಸಂವೇದನೆಯುಳ್ಳ ಮಗು ಪೆಟ್ಟಿನ ನೋವನ್ನು ಗಮನಿಸದಿರಬಹುದು, ಸದಾ ಚಲನೆಯನ್ನು ಬಯಸಬಹುದು. ಇಂತಹ ವರ್ತನೆಯನ್ನು ಹಠ ಅಥವಾ ಅಶಿಸ್ತು ಎಂದು ತಪ್ಪಾಗಿ ತಿಳಿಯುವುದುಂಟು.

ಹಿನ್ನೆಲೆ

ಅಮೆರಿಕದ ಆಕ್ಯುಪೇಷನಲ್ ಥೆರಪಿ ತಜ್ಞೆ ಎ. ಜೀನ್ ಏರ್ಸ್ ಸಂವೇದನಾ ಸಮನ್ವಯ ಸಿದ್ಧಾಂತವನ್ನು ರೂಪಿಸಿದರು. ಈ ಕುರಿತ ಅವರ ಗ್ರಂಥ 1972ರಲ್ಲಿ ಪ್ರಕಟವಾಯಿತು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯು ಅಸಹಜ ಸಂವೇದನೆಯನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತಾದರೂ ಪ್ರತ್ಯೇಕ ಕಾಯಿಲೆಯೆಂದು ಪರಿಗಣಿಸಲಿಲ್ಲ. ಸಂವೇದನಾಧಾರಿತ ಚಿಕಿತ್ಸೆಯ ಪರಿಣಾಮದ ಬಗ್ಗೆ ಸಂಶೋಧನೆ ಸೀಮಿತವಾಗಿದೆ ಎಂಬುದನ್ನು ಪಾಲಕರಿಗೆ ತಿಳಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2012ರಲ್ಲಿ ಸೂಚಿಸಿತು.

ಭಾರತದ ಕಾನೂನು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆ ಇದರಲ್ಲಿ ಸೇರಿವೆ. ಸಂವೇದನೆಯ ತೊಡಕು ಪ್ರತ್ಯೇಕವಾಗಿ ಸೇರಿಲ್ಲ. ಆದ್ದರಿಂದ ಅದೊಂದರ ಆಧಾರದ ಮೇಲೆ ಪ್ರಮಾಣಪತ್ರ ದೊರೆಯುವುದಿಲ್ಲ.

ಕಾಯ್ದೆಯ 31ನೇ ಪ್ರಕರಣದಂತೆ, ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವು ಪ್ರಮಾಣೀಕೃತವಾದ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. 16ನೇ ಪ್ರಕರಣವು ಈ ಶೇಕಡಾವಾರು ಮಿತಿಯನ್ನು ವಿಧಿಸುವುದಿಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವೈಕಲ್ಯವುಳ್ಳ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕೆಂದು ಅದು ಹೇಳುತ್ತದೆ.

ಪಾಲಕರು ಅನುಸರಿಸಬಹುದಾದ ಕ್ರಮ

ಮೊದಲು ಮಕ್ಕಳ ವೈದ್ಯರಿಂದ ಶ್ರವಣ ಹಾಗೂ ದೃಷ್ಟಿಯ ತಪಾಸಣೆ, ಬೆಳವಣಿಗೆಯ ಮೌಲ್ಯಮಾಪನ ಮಾಡಿಸುವುದು ಉಚಿತ. ಮಂಗಳೂರಿನಲ್ಲಿ ಜಿಲ್ಲಾಸ್ಪತ್ರೆಯಾದ ವೆನ್ಲಾಕ್, ಅತ್ತಾವರದ ಕೆ.ಎಂ.ಸಿ. ಮೊದಲಾದ ಬೋಧನಾ ಆಸ್ಪತ್ರೆಗಳಿವೆ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು.

ಶಾಲೆಯಲ್ಲಿ ಬೇಕಾದ ಅನುಕೂಲಗಳನ್ನು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸುವುದು ಉತ್ತಮ. ಗದ್ದಲದಿಂದ ದೂರದ ಆಸನ, ನಡುವೆ ಸ್ವಲ್ಪ ಓಡಾಡಲು ಬಿಡುವು, ಶಾಂತವಾದ ಮೂಲೆ, ಮೃದುವಾದ ಬಟ್ಟೆಯ ಸಮವಸ್ತ್ರ ಮುಂತಾದವು ಹೆಚ್ಚು ಖರ್ಚಿಲ್ಲದೆ ಸಾಧ್ಯವಾಗುವ ಮಾರ್ಪಾಡುಗಳು. ಸರ್ಕಾರಿ ಶಾಲೆಗಳಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಶಿಕ್ಷಕರ ನೆರವಿರುತ್ತದೆ. ಹಕ್ಕು ನಿರಾಕರಣೆಯಾದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ನೀಡಬಹುದು. ಕಾಯ್ದೆಯಡಿ ನೇಮಕವಾಗುವ ರಾಜ್ಯ ಆಯುಕ್ತರ ಮೊರೆ ಹೋಗಲೂ ಅವಕಾಶವಿದೆ.