ಊರ ಮುಂದಿನ ಕಲ್ಲುಗಳು

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಮನೆಯ ಕಡೆಗೆ ಹೊರಳುವುದು ವಾಡಿಕೆ. ಬೆಂಗಳೂರಿನ ಮಾತು ಬಂದರೆ ಕೆಂಪೇಗೌಡನು 1537ರಲ್ಲಿ ಕೋಟೆ ಕಟ್ಟಿಸಿದ ಸಂಗತಿಯಿಂದ ಆರಂಭಿಸುತ್ತೇವೆ. ಅದಕ್ಕೂ ಹಿಂದಿನದನ್ನು ಕೇಳಿದರೆ, ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ನೀಡಿದ ಕಥೆಯನ್ನು ಹೇಳಿ ಮುಗಿಸುತ್ತೇವೆ. ಆದರೆ ಇಂದು ನಗರದ ಬಡಾವಣೆಗಳಾಗಿರುವ ಹಳೆಯ ಊರುಗಳು ತಮ್ಮ ವೃತ್ತಾಂತವನ್ನು ತಾವೇ ಕಡೆದು ನಿಲ್ಲಿಸಿಕೊಂಡಿವೆ. ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಊರ ಬಾಗಿಲಿನ ಬಳಿ ನಿಂತ ವೀರಗಲ್ಲುಗಳೇ ಆ ವೃತ್ತಾಂತ. ಹೋಗಿಬರುವವರೆಲ್ಲರ ಕಣ್ಣಿಗೆ ಬೀಳಲೆಂದೇ ನಿಲ್ಲಿಸಿದ ಈ ಶಿಲ್ಪಗಳನ್ನು ಸಾರ್ವಜನಿಕ ಕಲೆಯೆಂದು ಕರೆಯುವುದರಲ್ಲಿ ತಪ್ಪೇನೂ ಇಲ್ಲ.

ವೀರಗಲ್ಲಿನ ರಚನೆ ಬಲ್ಲವರಿಗೆ ಸುಲಭವಾದುದು. ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ದೃಶ್ಯ, ಮೇಲಿನದರಲ್ಲಿ ಆತನು ಲಿಂಗದ ಸನ್ನಿಧಿಯಲ್ಲಿಯೋ ಜಿನನ ಸನ್ನಿಧಿಯಲ್ಲಿಯೋ ಇರುವುದು. ತುದಿಯಲ್ಲಿ ಸೂರ್ಯಚಂದ್ರರು. ಅವರಿರುವವರೆಗೆ ಈ ನೆನಪು ನಿಲ್ಲಲಿ ಎಂಬುದು ಅದರ ಅರ್ಥ. ಓದುಬರಹವಿಲ್ಲದ ದಾರಿಹೋಕನಿಗೂ ಕಥೆ ತಿಳಿಯುತ್ತದೆ. ಎಷ್ಟೋ ಕಡೆ ಸತ್ತವನ ಮನೆಯವರಿಗೆ ಭೂಮಿಯನ್ನೂ ಬಿಡುತ್ತಿದ್ದರು. ‘ನೆತ್ತರುಗೊಡಗೆ’ ಎಂಬ ಹಳೆಯ ಮಾತೇ ಆ ದಾನದ ಬೆಲೆಯನ್ನು ಸಾರುತ್ತದೆ.

ಬೇಗೂರನ್ನು ನೋಡೋಣ. ಗಂಗರ ಎರೆಯಪ್ಪನ ಕಾಲದಲ್ಲಿ ಅಲ್ಲಿ ನಾಗತ್ತರನೆಂಬ ನಾಯಕನಿದ್ದನು. ತುಂಬೆಪಾಡಿಯಲ್ಲಿ ನೊಳಂಬ ವೀರಮಹೇಂದ್ರನೊಡನೆ ನಡೆದ ಯುದ್ಧದಲ್ಲಿ ಅವನು ಆನೆಗಳ ನಡುವೆ ಹೋರಾಡಿ ಮಡಿದನು. ಎರೆಯಪ್ಪನು ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟನು. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ಆ ಮಹಾಶಿಲ್ಪ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚುವುದು ಅದೇ ಊರಿನ ನಾಗೇಶ್ವರ ದೇವಾಲಯದಲ್ಲಿ ಉಳಿದಿರುವ ಚಿಕ್ಕ ಬರಹ. ಸುಮಾರು 890ರ ಆ ಶಾಸನವು ಬೆಂಗಳೂರಿನ ಕಾಳಗವೊಂದರಲ್ಲಿ ಮಡಿದವರನ್ನು ನೆನೆಯುತ್ತದೆ. ಅವರಲ್ಲಿ ನಾಗತ್ತರನ ಮಗನೂ ಉಂಟು, ಅವನ ಮನೆಯ ಆಳಾದ ಪೆರ್ವೊನಶೆಟ್ಟಿಯೂ ಉಂಟು. ಹೊಯ್ಸಳ ಬಲ್ಲಾಳನಿಗೆ ಮುನ್ನೂರು ವರ್ಷಗಳಷ್ಟು ಹಿಂದೆಯೇ ಬೆಂಗಳೂರೆಂಬ ಹೆಸರು ಬಳಕೆಯಲ್ಲಿತ್ತೆಂದ ಮೇಲೆ ಬೆಂದ ಕಾಳಿನ ಕಥೆ ಕಥೆಯಾಗಿಯೇ ಉಳಿಯಬೇಕಾಗುತ್ತದೆ. ಇಷ್ಟು ದೊಡ್ಡ ನಗರದ ಹೆಸರನ್ನು ನಮಗೆ ಉಳಿಸಿಕೊಟ್ಟ ಕಲ್ಲು ಯಾವ ಚಕ್ರವರ್ತಿಯ ವಿಜಯವನ್ನೂ ಕುರಿತದ್ದಲ್ಲ. ಒಡೆಯನ ಮಗನ ಜೊತೆಗೆ ಮನೆಯಾಳಿನ ಸಾವನ್ನೂ ಒಂದೇ ಕಡೆ ಹೇಳುವ ಕಲ್ಲು ಅದು.

ಈ ಕಲ್ಲುಗಳಲ್ಲಿ ಕಾಣುವ ಜನ ಒಂದೇ ಬಗೆಯವರಲ್ಲ. ಬೇಗೂರಿನಲ್ಲಿಯೇ ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನದಿಂದ ದೇಹವನ್ನು ಬಿಟ್ಟುದರ ಸ್ಮಾರಕವಿದೆ. ಶಿವಾಲಯದ ಊರಿನಲ್ಲಿ ಜೈನ ವ್ರತದ ನೆನಪೂ ಇತ್ತೆಂಬುದು ಇದರಿಂದ ಸ್ಪಷ್ಟ. ಮಡಿವಾಳದ ಸೋಮೇಶ್ವರ ದೇವಾಲಯದ 1247ರ ಬರಹ ತಮಿಳಿನಲ್ಲಿದ್ದು, ವೆಂಗಳೂರಿನ ಹಿರಿಯ ಕೆರೆಯ ಕೆಳಗಣ ಭೂಮಿಯನ್ನು ಹೇಳುತ್ತದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳು ಆ ಊರಿಗೆ ದೇಶಿಮಾಣಿಕ್ಕಪಟ್ಟಣವೆಂಬ ಇನ್ನೊಂದು ಹೆಸರನ್ನು ಕೊಡುತ್ತವೆ. ನಾನಾ ಭಾಷೆಗಳ ನೆರೆಹೊರೆ ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದುದಲ್ಲ.

ಮನುಷ್ಯರಿಗಷ್ಟೇ ಈ ಗೌರವವೆಂದೂ ತಿಳಿಯಬಾರದು. ಮದ್ದೂರಿನ ಸೀಮೆಯ ಆತಕೂರಿನಲ್ಲಿ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ಒಡೆಯ ಮಣಲೆರನು ಆ ನಾಯಿಗಾಗಿ 949-50ರ ಸುಮಾರಿನಲ್ಲಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು.

ಹಾಗೆಂದು ಇವೆಲ್ಲವೂ ಹಿಗ್ಗಿನಿಂದ ನೋಡತಕ್ಕವೆಂದು ನಾವು ಹೇಳಲಾರೆವು. ಬಳೆ ತೊಟ್ಟ ತೋಳೊಂದನ್ನು ಎತ್ತಿ ತೋರಿಸುವ ಮಾಸ್ತಿಕಲ್ಲಿನ ಮುಂದೆ ಹೊಗಳಿಕೆಯ ಮಾತು ಹೊರಡದು. ಆ ಕೈ ಆಶೀರ್ವಾದ ಮಾಡುತ್ತಿದೆಯೆಂದು ಹಿಂದಿನವರು ನಂಬಿದರು. ಬೆಂಕಿಗೆ ಬಿದ್ದವಳ ಮನಸ್ಸನ್ನು ಕಲ್ಲು ಹೇಳುವುದಿಲ್ಲ. ಊರಿನ ನೆನಪೆಂದರೆ ಊರಿನ ನೋವೂ ಹೌದು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಹೂಳುವುದು ನ್ಯಾಯವಲ್ಲ.

ಹೂಳುವ ಮಾತು ಅಲಂಕಾರಕ್ಕಾಗಿ ಬಂದುದಲ್ಲ. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಆ ಮೇಲೆ ನಗರ ಬೆಳೆಯಿತು, ಕೆರೆಗಳು ಬಡಾವಣೆಗಳಾದವು, ಎಷ್ಟೋ ಕಲ್ಲುಗಳು ಚರಂಡಿಗೆ ಚಪ್ಪಡಿಯಾದವು, ಮನೆಯ ಪಾಯಕ್ಕೆ ಸೇರಿದವು. ಆದರೆ 2018ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುವಾಗ ವೀರಗಲ್ಲೊಂದು ಹೊರಬಿದ್ದಿತು. ಅದು ಸುಮಾರು 750ರದು, ಗಂಗ ಶ್ರೀಪುರುಷನ ಕಾಲದ್ದು. ಪೆರ್ಬೊಳಲ್‌ನಾಡು ಮೂವತ್ತರ ಮೇಲೆ ದಾಳಿ ಬಂದಾಗ ಕಾದಿ ಮಡಿದ ಕಿತ್ತಯ್ಯನದು. ಆಸಕ್ತ ನಾಗರಿಕರು ಮುಂದೆ ಬಂದು ಅದನ್ನು ಉಳಿಸಿಕೊಂಡರು. ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಊರನ್ನು ಕಾದವನನ್ನು ಈ ಸಲ ಊರೇ ಕಾಯಿತು.

ಶಿಲ್ಪದ ನಯದಲ್ಲಿ ಈ ಕಲ್ಲುಗಳು ಬೇಲೂರು ಹಳೇಬೀಡುಗಳಿಗೆ ಸಮವಲ್ಲದಿರಬಹುದು. ಆದರೆ ಬೇಲೂರು ಅರಸನ ಕೀರ್ತಿಯನ್ನು ಹೇಳುತ್ತದೆ. ಇವು ನೆರೆಮನೆಯವನ ಹೆಸರನ್ನು ಹೇಳುತ್ತವೆ. ವಸ್ತುಸಂಗ್ರಹಾಲಯಕ್ಕೆ ಹೋದ ಕಲ್ಲಿಗೆ ರಕ್ಷಣೆ ದೊರೆಯುತ್ತದೆ, ನಿಜ. ಊರು ಮಾತ್ರ ಅದರಿಂದ ದೂರವಾಗುತ್ತದೆ. ಸಾಧ್ಯವಿದ್ದೆಡೆಯೆಲ್ಲ ಅವು ನಿಂತಲ್ಲಿಯೇ ನಿಲ್ಲಲಿ. ಮೇಲೊಂದು ನೆರಳು, ಪಕ್ಕದಲ್ಲಿ ಇಂದಿನ ಕನ್ನಡದಲ್ಲಿ ನಾಲ್ಕು ಸಾಲಿನ ವಿವರಣೆ ಇದ್ದರೆ ಸಾಕು. ನಮ್ಮ ಬೀದಿಯ ಕೊನೆಯಲ್ಲಿ ಅರಿಸಿನ ಕುಂಕುಮ ಮೆತ್ತಿಕೊಂಡು ನಿಂತಿರುವ ಕಲ್ಲು ಯಾರದೆಂದು ನಾವು ಒಮ್ಮೆ ಕೇಳಿ ತಿಳಿದುಕೊಂಡರೆ, ಈ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ.